ಇನ್ನೊಬ್ಬರ ದೇವರ ಬಗ್ಗೆ ಮಾತು: ರೋಮಿನಿಂದ ಠಾಣೆಯ ತನಕ

ಕ್ರಿ.ಶ. 550ರ ಆಸುಪಾಸಿನಲ್ಲಿ ಅಲೆಕ್ಸಾಂಡ್ರಿಯಾದ ಕಾಸ್ಮಾಸ್ ಎಂಬ ವ್ಯಾಪಾರಿ ಗ್ರೀಕ್ ಭಾಷೆಯಲ್ಲಿ ಒಂದು ಪುಸ್ತಕ ಬರೆದ. ಭೂಮಿ ಗುಂಡಗಿಲ್ಲ, ಪೆಟ್ಟಿಗೆಯ ತಳದ ಹಾಗೆ ಚಪ್ಪಟೆಯಾಗಿದೆ ಅಂತ ಸಾಧಿಸುವುದು ಅವನ ಉದ್ದೇಶ. ಆ ವಾದ ಯಾವತ್ತೋ ಬಿದ್ದುಹೋಯಿತು. ಆದರೆ ನಡುನಡುವೆ ಅವನು ಬಂದರುಗಳ ಬಗ್ಗೆ ಬರೆದ ನಾಲ್ಕು ಮಾತು ಇವತ್ತಿಗೂ ಇತಿಹಾಸಕಾರರಿಗೆ ಬೇಕಾಗಿದೆ. ಅದರಲ್ಲಿ ‘ಕಲ್ಲಿಯಾನ’ ಎಂಬ ಊರಿನ ಹೆಸರಿದೆ. ಅಲ್ಲಿ ಒಬ್ಬ ಬಿಷಪ್ ಇದ್ದಾನೆ, ಅವನ ನೇಮಕ ಪರ್ಷಿಯಾದಿಂದ ಆಗುತ್ತದೆ ಎನ್ನುತ್ತಾನೆ ಕಾಸ್ಮಾಸ್.

ಕನ್ನಡದವರಿಗೆ ಕಲ್ಯಾಣ ಅಂದ ಕೂಡಲೇ ನೆನಪಾಗುವುದು ಬಸವಣ್ಣನವರ ಕಲ್ಯಾಣ. ಇದು ಅದಲ್ಲ. ಉಡುಪಿ ಹತ್ತಿರದ ಕಲ್ಯಾಣಪುರವೇ ಆ ಊರು ಎಂದು ವಾದಿಸುವವರೂ ಇದ್ದಾರೆ. ಆದರೆ ಕಾಸ್ಮಾಸ್ ಬಂದರುಗಳನ್ನು ಉತ್ತರದಿಂದ ದಕ್ಷಿಣಕ್ಕೆ ಎಣಿಸಿಕೊಂಡು ಹೋಗುತ್ತಾನೆ. ಸಿಂಧ್ ಆಯಿತು, ಸೌರಾಷ್ಟ್ರದ ಕಡೆ ಆಯಿತು, ಆಮೇಲೆ ಕಲ್ಲಿಯಾನ, ಆಮೇಲೆ ಚೌಲ್ ಎಂದು ಗುರುತಿಸಲಾಗುವ ‘ಸಿಬೋರ್’, ಅದಾದ ಮೇಲೆ ಮೆಣಸಿನ ನಾಡು. ಮಂಗಳೂರು ಬರುವುದು ಆ ಮೆಣಸಿನ ನಾಡಿನ ಪಟ್ಟಿಯಲ್ಲಿ. ಹಾಗಾಗಿ ಸೌರಾಷ್ಟ್ರಕ್ಕೂ ಚೌಲ್‌ಗೂ ನಡುವಿನ ಕಲ್ಲಿಯಾನ ನಮ್ಮ ಉಲ್ಹಾಸ್ ನದಿಯ ದಂಡೆಯ ಕಲ್ಯಾಣವೇ ಎಂಬ ಮಾತು ನನಗೆ ಒಪ್ಪಿಗೆಯಾಗುತ್ತದೆ. ಅದಕ್ಕೂ ಐನೂರು ವರ್ಷ ಹಿಂದಿನ ‘ಪೆರಿಪ್ಲಸ್’ ಎಂಬ ಗ್ರೀಕ್ ಕೈಪಿಡಿಯಲ್ಲೂ ಈ ಬಂದರು ಇದೆ. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಕಲ್ಯಾಣದ ವ್ಯಾಪಾರಿಗಳು ಬೌದ್ಧ ಭಿಕ್ಷುಗಳಿಗೆ ಕೊಟ್ಟ ದಾನದ ಲೆಕ್ಕವಿದೆ.

ಈ ಬಿಷಪ್ಪನ ಧರ್ಮ ಕಲ್ಯಾಣಕ್ಕೆ ಬರುವ ಹೊತ್ತಿಗೆ ಅದಕ್ಕೆ ಐನೂರು ವರ್ಷ ವಯಸ್ಸಾಗಿತ್ತು. ಆ ಐನೂರು ವರ್ಷದಲ್ಲಿ ಒಂದು ದೊಡ್ಡ ಪಾಲು ಒಂದೇ ಪ್ರಶ್ನೆಯ ಮೇಲೆ ಕಳೆದಿತ್ತು: ಸುತ್ತಮುತ್ತಲಿನವರು ಪೂಜಿಸುವ ದೇವರುಗಳ ಬಗ್ಗೆ ನಾವು ಏನು ಹೇಳಬೇಕು, ಎಷ್ಟು ಹೇಳಬೇಕು, ಯಾವ ದನಿಯಲ್ಲಿ ಹೇಳಬೇಕು? ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರಗಳನ್ನು ಓದುವಾಗ ನನಗೆ ನಮ್ಮ ಮೊಹಲ್ಲಾದ ಮಾತುಗಳೇ ಕೇಳಿಸುತ್ತವೆ. ನಮ್ಮ ಹುಡುಗರು ಮೊಬೈಲಿನಲ್ಲಿ ಮುನಾಝರಾದ ವೀಡಿಯೋ ನೋಡ್ತಾರೆ. ಯಾರು ಯಾರ ಬಾಯಿ ಮುಚ್ಚಿಸಿದರು ಎಂಬುದೇ ಅಲ್ಲಿ ಮುಖ್ಯ. ಅಂಥ ಬಹಸ್‌ಗಳ ಇತಿಹಾಸ ಎಷ್ಟು ಹಳೆಯದು, ಅದರಲ್ಲಿ ಒಂದು ಇದೇ ಠಾಣೆಯಲ್ಲಿ ನಡೆದು ನಾಲ್ಕು ಹೆಣ ಬಿದ್ದವು ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಮೊದಲು ರೋಮಿನ ಕಡೆ ಹೋಗೋಣ.

ರೋಮನ್ನರ ಧರ್ಮದಲ್ಲಿ ‘ನಂಬಿಕೆ’ಗಿಂತ ಆಚರಣೆ ದೊಡ್ಡದು. ಒಂದು ಕಿತಾಬ್ ಇಲ್ಲ, ಒಬ್ಬ ಪ್ರವಾದಿ ಇಲ್ಲ. ಮನೆಯಲ್ಲಿ ಮನೆದೇವರು, ಊರಿಗೆ ಊರದೇವರು, ರಾಜ್ಯಕ್ಕೆ ಜುಪಿಟರ್. ಬಲಿ, ಧೂಪ, ಶಕುನ ಎಲ್ಲವೂ ಕ್ರಮ ತಪ್ಪದೆ ನಡೆದರೆ ದೇವರು ರಾಜ್ಯವನ್ನು ಕಾಯುತ್ತಾನೆ. ಇದೊಂದು ಕರಾರು ಇದ್ದ ಹಾಗೆ. ಯುದ್ಧಕ್ಕೆ ಹೊರಡುವ ಮೊದಲು ಪವಿತ್ರ ಕೋಳಿಗಳಿಗೆ ಕಾಳು ಹಾಕಿ, ಅವು ತಿನ್ನುತ್ತವೋ ಇಲ್ಲವೋ ಅಂತ ನೋಡುತ್ತಿದ್ದರು. ಕ್ರಿ.ಪೂ. 249ರಲ್ಲಿ ಕ್ಲಾಡಿಯಸ್ ಎಂಬ ಸೇನಾಪತಿ, ಕೋಳಿ ತಿನ್ನದಿದ್ದರೆ ನೀರಾದರೂ ಕುಡಿಯಲಿ ಅಂತ ಅವನ್ನು ಸಮುದ್ರಕ್ಕೆ ಎಸೆಸಿದ ಎಂಬ ಕಥೆ ಇದೆ. ಆ ಯುದ್ಧದಲ್ಲಿ ಅವನು ಸೋತ. ರೋಮನ್ನರು ಈ ಕಥೆಯನ್ನು ಶತಮಾನಗಳ ಕಾಲ ಮಕ್ಕಳಿಗೆ ಹೇಳಿದರು.

ಇಂಥ ಊರಿನಲ್ಲಿ ಒಂದು ಸಣ್ಣ ಗುಂಪು ಬಲಿ ಕೊಡಲ್ಲ, ಧೂಪ ಹಾಕಲ್ಲ ಎಂದಿತು. ಸುತ್ತಲಿನವರಿಗೆ ಅದು ಬರೀ ಬೇರೆ ನಂಬಿಕೆಯಾಗಿ ಕಾಣಲಿಲ್ಲ, ರಾಜ್ಯದ್ರೋಹವಾಗಿ ಕಂಡಿತು. ಕ್ರೈಸ್ತರ ಮೇಲೆ ಹೊರಿಸಿದ ಮೊದಲ ಆರೋಪ ‘ನಾಸ್ತಿಕರು’ ಎಂಬುದು. ಎರಡನೆಯದು, ರಾತ್ರಿ ಬಾಗಿಲು ಹಾಕಿಕೊಂಡು ಶಿಶುಗಳನ್ನು ಕೊಂದು ತಿನ್ನುತ್ತಾರೆ ಎಂಬುದು. ಮೂರನೆಯದು, ಅಣ್ಣ ತಂಗಿ ಅಂತ ಕರೆದುಕೊಳ್ಳುತ್ತಾ ಅಸಹ್ಯದ ಕೆಲಸ ಮಾಡುತ್ತಾರೆ ಎಂಬುದು. ಸುಮಾರು 177ರಲ್ಲಿ ಅಥೆನಾಗೊರಸ್ ಎಂಬ ಕ್ರೈಸ್ತ ಲೇಖಕ ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ಗೆ ಬರೆದ ಮನವಿಯಲ್ಲಿ ಈ ಮೂರಕ್ಕೂ ಒಂದೊಂದಾಗಿ ಉತ್ತರ ಕೊಡುತ್ತಾನೆ. ಪಕ್ಕದ ಗಲ್ಲಿಯವರ ಅಡುಗೆಮನೆಯಲ್ಲಿ ಏನಿದೆ ಎಂದು ನೋಡದೇ ಊಹಿಸಿ, ಊಹಿಸಿದ್ದನ್ನೇ ಸುದ್ದಿ ಮಾಡುವುದು ಅಂದೂ ಇತ್ತು ನೋಡಿ.

112ರ ಸುಮಾರಿಗೆ ಪ್ಲಿನಿ ಎಂಬ ರಾಜ್ಯಪಾಲ ಒಂದು ಸುಲಭದ ಪರೀಕ್ಷೆ ಕಂಡುಕೊಂಡಿದ್ದ. ಆರೋಪಿಯನ್ನು ನಿಲ್ಲಿಸಿ, ಮೂರ್ತಿಗಳ ಮುಂದೆ ಧೂಪ ಹಾಕು, ಕ್ರಿಸ್ತನನ್ನು ಬಯ್ಯಿ ಎನ್ನುವುದು. ಹಾಕಿದರೆ, ಬೈದರೆ ಬಿಡುಗಡೆ. ಇಲ್ಲದಿದ್ದರೆ ಸಾವು. ಚಕ್ರವರ್ತಿ ಟ್ರೇಜನ್ ಉತ್ತರ ಬರೆದು, ಇವರನ್ನು ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ಚಾಡಿಪತ್ರಗಳನ್ನು ಲೆಕ್ಕಕ್ಕೆ ತಗೋಬೇಡ ಎಂದ. ಆ ಮಟ್ಟಿಗೆ ಅವನನ್ನು ಮೆಚ್ಚಬೇಕು. ಆದರೆ ಪ್ಲಿನಿಯ ಪರೀಕ್ಷೆಯನ್ನು ನೆನಪಿಡಿ, ಠಾಣೆಯಲ್ಲಿ ಅದು ಮತ್ತೆ ಬರುತ್ತದೆ, ತಲೆಕೆಳಗಾಗಿ.

ಕ್ರೈಸ್ತರು ಬಾಯಿಮುಚ್ಚಿ ಕೂರಲಿಲ್ಲ, ತಿರುಗಿ ಬರೆದರು. ಕಾರ್ಥೇಜ್ ನಗರದ ತೆರ್ತುಲಿಯನ್ 197ರಲ್ಲಿ ಬರೆದ ‘ಅಪೊಲೊಜೆಟಿಕಸ್’ ಇವುಗಳಲ್ಲೆಲ್ಲ ಖಾರ. ಅವನ ವ್ಯಂಗ್ಯ ಹೀಗೆ: ನಿಮ್ಮ ಮನೆದೇವರನ್ನು ಕಷ್ಟಕಾಲದಲ್ಲಿ ನೀವೇ ಅಡವಿಡುತ್ತೀರಿ, ಮಾರುತ್ತೀರಿ, ಕರಗಿಸಿ ಪಾತ್ರೆ ಮಾಡಿಕೊಳ್ಳುತ್ತೀರಿ. ದೇವಸ್ಥಾನದ ಆದಾಯವನ್ನು ಹರಾಜಿಗೆ ಹಾಕುತ್ತೀರಿ. ನಿಮ್ಮ ದೇವರಿಗೆ ಅವಮಾನ ಮಾಡುತ್ತಿರುವವರು ನಾವಾ, ನೀವಾ? ಬಸವಣ್ಣನವರ ವಚನದಲ್ಲಿ ಅವಸರ ಬಿದ್ದಾಗ ಮಾರಾಟವಾಗುವ ದೈವದ ಮಾತು ಬರುತ್ತದಲ್ಲ, ಶಾಲೆಯಲ್ಲಿ ಓದಿದವರಿಗೆ ಅದು ನೆನಪಾಗದೇ ಇರದು. ಒಬ್ಬ ಆಫ್ರಿಕಾದ ಕಡಲತೀರದವನು, ಇನ್ನೊಬ್ಬರು ಸುಮಾರು ಒಂಬೈನೂರು ವರ್ಷ ಆಮೇಲಿನ ಕನ್ನಡದವರು. ಒಬ್ಬರಿಂದೊಬ್ಬರಿಗೆ ಯಾವ ದಾರಿಯೂ ಇಲ್ಲ. ಹೋಲಿಕೆ ಅಷ್ಟಕ್ಕೇ ನಿಲ್ಲಬೇಕು. ಬಸವಣ್ಣನವರು ತಮ್ಮದೇ ಜನರ ಒಳಗೆ ನಿಂತು ಮಾತಾಡಿದವರು.

ಪ್ರವಾಹ ಬಂದರೂ ಬರ ಬಂದರೂ ಭೂಕಂಪವಾದರೂ ತಪ್ಪು ಕ್ರೈಸ್ತರದ್ದು, ಅವರನ್ನು ಸಿಂಹಕ್ಕೆ ಹಾಕಿ ಅಂತ ಜನ ಕೂಗುತ್ತಾರೆ ಎಂದೂ ತೆರ್ತುಲಿಯನ್ ಬರೆದ. ಕ್ರಿಸ್ತ ಹುಟ್ಟುವ ಮೊದಲು ಪ್ರವಾಹವೇ ಬರುತ್ತಿರಲಿಲ್ಲವೇ ಎಂಬುದು ಅವನ ಪ್ರಶ್ನೆ.

ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್‌ದು ಇನ್ನೊಂದು ಬಗೆ. ಇವನ ಗುರು ಪ್ಯಾಂಟೀನಸ್ ಭಾರತಕ್ಕೆ ಬಂದಿದ್ದನೆಂದು ಚರ್ಚಿನ ಇತಿಹಾಸ ಬರೆದ ಯೂಸೇಬಿಯಸ್ ಹೇಳುತ್ತಾನೆ. ಕ್ಲೆಮೆಂಟ್‌ನ ಬರಹದಲ್ಲಿ ಬುದ್ಧನ ಹೆಸರೂ ಬರುತ್ತದೆ. ಆ ಕಾಲದ ಅಲೆಕ್ಸಾಂಡ್ರಿಯಾ ಮತ್ತು ನಮ್ಮ ಕೊಂಕಣ ತೀರದ ನಡುವೆ ಹಡಗುಗಳ ಓಡಾಟ ಎಷ್ಟಿತ್ತು ಎಂಬುದಕ್ಕೆ ಇದೂ ಒಂದು ಸಾಕ್ಷಿ. ಕ್ಲೆಮೆಂಟ್ ಗ್ರೀಕರಿಗೆ ಹೇಳುತ್ತಾನೆ, ನಿಮ್ಮ ಜ್ಯೂಸ್‌ನ ಮೂರ್ತಿಯ ತಲೆ ಮೇಲೆ ಗುಬ್ಬಚ್ಚಿಯಂಥ ಹಕ್ಕಿಗಳು ಹಿಕ್ಕೆ ಹಾಕುತ್ತವೆ, ಅವುಗಳಿಗಿರುವ ತಿಳುವಳಿಕೆ ನಿಮಗಿಲ್ಲ ಎಂದು. ದಿಯೊನಿಸಿಯಸ್ ಎಂಬ ದೊರೆ ಜ್ಯೂಸ್‌ನ ಮೈಮೇಲಿದ್ದ ಚಿನ್ನದ ಹೊದಿಕೆ ತೆಗೆಸಿ ಉಣ್ಣೆಯದು ಹೊದಿಸಿದ್ದನ್ನೂ ನೆನಪಿಸುತ್ತಾನೆ. ಚಿನ್ನ ಬೇಸಿಗೆಗೆ ಭಾರ, ಚಳಿಗೆ ತಣ್ಣಗೆ, ಉಣ್ಣೆಯಾದರೆ ಎರಡಕ್ಕೂ ಆಗುತ್ತದೆ ಎಂದನಂತೆ ಆ ದೊರೆ.

ನಗು ಬರುತ್ತದೆ. ಆದರೆ ಈ ವಾದ ನ್ಯಾಯವಾದದ್ದೇ? ಸುಮಾರು 178ರಲ್ಲಿ ಕೆಲ್ಸಸ್ ಎಂಬ ರೋಮನ್ ಪಕ್ಷದ ಪಂಡಿತ ಇದಕ್ಕೆ ಉತ್ತರ ಕೊಟ್ಟಿದ್ದ. ಕಲ್ಲು, ಮರ, ಕಂಚೇ ದೇವರು ಎಂದು ಶುದ್ಧ ಹಸುಳೆಯ ಹೊರತು ಯಾರು ತಾನೇ ನಂಬುತ್ತಾರೆ, ಅವು ದೇವರಿಗೆ ಅರ್ಪಿಸಿದವು, ದೇವರ ರೂಪಗಳು ಅಷ್ಟೇ ಎಂಬುದು ಅವನ ಮಾತಿನ ಸಾರ. ನನ್ನ ಮಟ್ಟಿಗೆ ಈ ಒಂದು ವಿಷಯದಲ್ಲಿ ಕೆಲ್ಸಸ್ ಗೆದ್ದ. ಪೂಜೆ ಮಾಡುವವನು ಏನು ಅಂದುಕೊಂಡು ಮಾಡುತ್ತಾನೆ ಎಂದು ಅವನನ್ನೇ ಕೇಳದೆ, ಅವನ ಪರವಾಗಿ ನಾವೇ ಒಂದು ಪೆದ್ದು ಉತ್ತರ ಕಟ್ಟಿ, ಆ ಉತ್ತರವನ್ನು ಹೊಡೆದು ಹಾಕುವುದು ಸುಲಭದ ಕೆಲಸ. ತೌಹೀದ್ ಒಪ್ಪಿದವರಿಗೆ ಮೂರ್ತಿಪೂಜೆ ಒಪ್ಪಿಗೆಯಾಗಬೇಕಿಲ್ಲ. ಆದರೆ ಒಪ್ಪದಿರುವುದೇ ಬೇರೆ, ತಪ್ಪಾಗಿ ವಿವರಿಸುವುದೇ ಬೇರೆ. 1030ರ ಸುಮಾರಿಗೆ ‘ಕಿತಾಬುಲ್ ಹಿಂದ್’ ಬರೆದ ಅಲ್‌ಬಿರೂನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಹಿಂದೂಗಳಲ್ಲಿ ತಿಳಿದವರ ನಂಬಿಕೆ ಯಾವುದು, ಸಾಮಾನ್ಯರದ್ದು ಯಾವುದು ಅಂತ ಬೇರ್ಪಡಿಸಿ, ಗ್ರೀಕರ ಜೊತೆ ಹೋಲಿಸಿ, ಅವರ ಮಾತನ್ನು ಅವರ ಗ್ರಂಥಗಳಿಂದಲೇ ಹೇಳಿಸುತ್ತಾನೆ. ಕೊಂಕಣದ ರಾಜಧಾನಿ ‘ತಾನಾ’, ಅಂದರೆ ನಮ್ಮ ಠಾಣೆ, ಅವನ ಪುಸ್ತಕದಲ್ಲೂ ಇದೆ.

ಈ ಕೆಲ್ಸಸ್‌ನ ಪುಸ್ತಕ ಇವತ್ತು ಇಲ್ಲ. ಎಪ್ಪತ್ತು ವರ್ಷ ಕಳೆದ ಮೇಲೆ ಒರಿಜೆನ್ ಎಂಬ ಕ್ರೈಸ್ತ ಪಂಡಿತ ಅದನ್ನು ತುಂಡು ತುಂಡಾಗಿ ಎತ್ತಿ ಹಾಕಿ ಖಂಡಿಸಿದ. ಆ ಖಂಡನೆಯ ಒಳಗೇ ಕೆಲ್ಸಸ್ ಉಳಿದಿದ್ದಾನೆ. ಪೋರ್ಫಿರಿ ಎಂಬ ಇನ್ನೊಬ್ಬ ಕ್ರೈಸ್ತರ ವಿರುದ್ಧ ಬರೆದ ಪುಸ್ತಕವನ್ನು 448ರಲ್ಲಿ ಚಕ್ರವರ್ತಿಯ ಆಜ್ಞೆಯಿಂದ ಸುಡಲಾಯಿತು. ‘ಪೇಗನ್’ ಎಂಬ ಹೆಸರನ್ನು ಕೂಡ ಆ ಜನ ಇಟ್ಟುಕೊಂಡದ್ದಲ್ಲ. ಪಾಗಾನುಸ್ ಅಂದರೆ ಲ್ಯಾಟಿನ್‌ನಲ್ಲಿ ಹಳ್ಳಿಯವನು, ನಮ್ಮ ಉರ್ದುವಿನ ‘ಗಂವಾರ್’ ಇದ್ದ ಹಾಗೆ. ಗೆದ್ದವರು ಇಟ್ಟ ಹೆಸರು ಉಳಿಯಿತು. ನಮ್ಮಲ್ಲೂ ಇಸ್ಲಾಮಿಗೆ ಮುಂಚಿನ ಅರಬರ ದೇವರುಗಳ ಬಗ್ಗೆ ತಿಳಿಯಲು ಇಬ್ನುಲ್ ಕಲ್ಬಿಯ ‘ಕಿತಾಬುಲ್ ಅಸ್ನಾಮ್’ ತೆಗೆಯಬೇಕು, ಅದನ್ನು ಬರೆದವನು ಆ ದೇವರುಗಳನ್ನು ಪೂಜಿಸಿದವನಲ್ಲ. ಹೀಗಾಗಿ ಇಂಥ ಪುಸ್ತಕ ಓದುವಾಗ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಕೋರ್ಟಿನಲ್ಲಿ ಒಂದೇ ಕಡೆಯ ವಕೀಲ ಮಾತಾಡುತ್ತಿದ್ದಾನೆ ಎಂಬುದು ತಲೆಯಲ್ಲಿರಲಿ.

ಎರಡೂ ಕಡೆಯ ಮಾತು ಕೇಳಿಸುವ ಒಂದು ಅಪರೂಪದ ಪುಸ್ತಕ ಇದೆ. ಮಿನುಸಿಯಸ್ ಫೆಲಿಕ್ಸ್ ಬರೆದ ‘ಒಕ್ಟೇವಿಯಸ್’. ಕೋರ್ಟಿಗೆ ರಜೆ. ಮೂವರು ಗೆಳೆಯರು ರೋಮಿನ ಬಂದರು ಒಸ್ತಿಯಾದ ಕಡಲದಂಡೆಯಲ್ಲಿ ನಡೆಯುತ್ತಿದ್ದಾರೆ. ಕೆಸಿಲಿಯಸ್ ದಾರಿಯಲ್ಲಿ ಕಂಡ ಸೆರಾಪಿಸ್ ದೇವರ ಮೂರ್ತಿಗೆ ಕೈಯಿಂದ ಮುತ್ತು ಕೊಡುತ್ತಾನೆ. ನಮ್ಮ ಲೋಕಲ್ ಟ್ರೇನಿನಲ್ಲಿ ಕಿಟಕಿಯಿಂದ ಗುಡಿ ಕಂಡ ಕೂಡಲೇ ಎದೆ ಮುಟ್ಟಿಕೊಳ್ಳುವವರು, ದರ್ಗಾ ಕಂಡ ಕೂಡಲೇ ಬೆರಳು ಕಣ್ಣಿಗೊತ್ತಿಕೊಳ್ಳುವವರು ಇರುತ್ತಾರಲ್ಲ, ಹಾಗೆ. ಕ್ರೈಸ್ತನಾದ ಒಕ್ಟೇವಿಯಸ್ ಅದಕ್ಕೆ ಟೀಕೆ ಮಾಡುತ್ತಾನೆ. ಕೆಸಿಲಿಯಸ್‌ಗೆ ಮನಸ್ಸಿಗೆ ನೋವಾಗುತ್ತದೆ. ಮುಂದೆ ಮಕ್ಕಳು ಚಿಪ್ಪುಗಳನ್ನು ನೀರಿನ ಮೇಲೆ ಕುಪ್ಪಳಿಸುವ ಹಾಗೆ ಎಸೆದು ಆಡುತ್ತಿದ್ದಾರೆ, ಎಲ್ಲರೂ ನಿಂತು ನೋಡುತ್ತಾರೆ, ಅವನು ಮಾತ್ರ ಸುಮ್ಮನಿರುತ್ತಾನೆ. ಕೊನೆಗೆ ಬಾ, ಸರಿಯಾಗಿ ವಾದ ಮಾಡೋಣ ಎನ್ನುತ್ತಾನೆ. ಮೂರನೆಯವನು ಪಂಚನಾಗಿ ನಡುವೆ ಕೂರುತ್ತಾನೆ.

ಕೆಸಿಲಿಯಸ್‌ನ ವಾದ ಕೇಳುವಂಥದ್ದು. ಸತ್ಯ ಮನುಷ್ಯನ ಕೈಗೆ ಸಿಗುವುದು ಕಷ್ಟ, ಹಾಗಿರುವಾಗ ಹಿರಿಯರು ಕಲಿಸಿದ್ದನ್ನು ಪಾಲಿಸುವುದೇ ಮೇಲು. ರೋಮ್ ಎಲ್ಲ ಜನಾಂಗಗಳ ದೇವರನ್ನೂ ಗೌರವಿಸಿತು, ಅದಕ್ಕೇ ದೊಡ್ಡದಾಯಿತು. ಆ ಕೋಳಿಯ ಕಥೆಯನ್ನೂ ತರುತ್ತಾನೆ. ಒಕ್ಟೇವಿಯಸ್ ತಿರುಗಿ ಹೇಳುತ್ತಾನೆ, ರೆಗ್ಯುಲಸ್ ಶಕುನ ನೋಡಿಕೊಂಡೇ ಹೋದ, ಆದರೂ ಸೆರೆಸಿಕ್ಕ. ಸೀಸರ್ ಶಕುನ ಲೆಕ್ಕಿಸದೆ ಆಫ್ರಿಕಾಕ್ಕೆ ಹಡಗು ಬಿಟ್ಟ, ಗೆದ್ದ. ಬರೆದವನು ಕ್ರೈಸ್ತ, ಹಾಗಾಗಿ ಕೊನೆಗೆ ಕೆಸಿಲಿಯಸ್ ಒಪ್ಪಿಕೊಳ್ಳುತ್ತಾನೆ ಎನ್ನುವುದು ಸರಿಯೇ. ಆದರೂ ಎದುರಾಳಿಗೆ ಇಷ್ಟು ಜಾಗ ಕೊಟ್ಟ ಪುಸ್ತಕಗಳು ಕಡಿಮೆ. ಸಂಜೆ ಮೂವರೂ ಖುಷಿಯಿಂದಲೇ ಹೊರಡುತ್ತಾರೆ.

ಬಲವಿಲ್ಲದಿದ್ದಾಗ ಈ ಜನ ಆಡಿದ ಒಂದು ಮಾತನ್ನು ಬರೆದಿಡಲೇಬೇಕು. ಧರ್ಮವನ್ನು ಬಲವಂತದಿಂದ ಹೇರುವುದು ಧರ್ಮದ ಕೆಲಸವೇ ಅಲ್ಲ ಎಂದ ತೆರ್ತುಲಿಯನ್. ಧರ್ಮವನ್ನು ಕಾಯುವುದು ಕೊಲ್ಲುವುದರಿಂದಲ್ಲ, ತಾನೇ ಸಾಯಲು ಸಿದ್ಧನಾಗುವುದರಿಂದ ಎಂಬರ್ಥದಲ್ಲಿ ಬರೆದ ನೂರು ವರ್ಷ ಆಮೇಲಿನ ಲಾಕ್ಟಾಂಶಿಯಸ್. 313ರಲ್ಲಿ ಕಾನ್‌ಸ್ಟಂಟೈನ್ ಕ್ರೈಸ್ತರಿಗೆ ಸ್ವಾತಂತ್ರ್ಯ ಕೊಟ್ಟ. ಮೂವತ್ತೈದು ವರ್ಷ ಕೂಡ ಆಗಿರಲಿಲ್ಲ. ಫಿರ್ಮಿಕಸ್ ಮಾತೆರ್ನುಸ್ ಎಂಬಾತ, ಮೊದಲು ಜ್ಯೋತಿಷ್ಯದ ಮೇಲೆ ದಪ್ಪ ಪುಸ್ತಕ ಬರೆದಿದ್ದವನು, ಕ್ರೈಸ್ತನಾದ ಮೇಲೆ ಕಾನ್‌ಸ್ಟಂಟೈನ್‌ನ ಮಕ್ಕಳಿಗೆ ಬರೆದ: ಈ ದೇವಸ್ಥಾನಗಳನ್ನು ಬುಡಸಮೇತ ಕಿತ್ತುಹಾಕಿ, ಅವುಗಳ ಬಂಗಾರವನ್ನು ಕರಗಿಸಿ ನಿಮ್ಮ ಕೆಲಸಕ್ಕೆ ಬಳಸಿಕೊಳ್ಳಿ. ಮೂರ್ತಿಯನ್ನು ಕರಗಿಸುತ್ತೀರಲ್ಲ ಎಂದು ತೆರ್ತುಲಿಯನ್ ರೋಮನ್ನರನ್ನು ಹಂಗಿಸಿದ್ದ. ಈಗ ಕರಗಿಸುವುದೇ ಸಲಹೆಯಾಯಿತು.

384ರಲ್ಲಿ ಸಿಮ್ಮಾಕಸ್ ಎಂಬ ಹಿರಿಯ ಅಧಿಕಾರಿ, ಸೆನೆಟ್ಟಿನಿಂದ ತೆಗೆದುಹಾಕಿದ್ದ ವಿಜಯದೇವಿಯ ಪೀಠವನ್ನು ಮತ್ತೆ ಇಡಿ ಎಂದು ಮನವಿ ಬರೆದ. ಎಲ್ಲರೂ ಅದೇ ನಕ್ಷತ್ರಗಳನ್ನು ನೋಡುತ್ತೇವೆ, ಅಷ್ಟು ದೊಡ್ಡ ರಹಸ್ಯಕ್ಕೆ ಒಂದೇ ದಾರಿ ಇರಲು ಹೇಗೆ ಸಾಧ್ಯ ಎಂಬುದು ಅವನ ಕೇಳಿಕೆ. ಮಿಲಾನಿನ ಬಿಷಪ್ ಆಂಬ್ರೋಸ್ ವಿರೋಧಿಸಿದ, ಮನವಿ ತಿರಸ್ಕೃತವಾಯಿತು. 392ರಲ್ಲಿ ಮನೆಯೊಳಗೆ ಮನೆದೇವರಿಗೆ ದೀಪ ಹಚ್ಚುವುದು ಕೂಡ ಅಪರಾಧವಾಯಿತು. ಇನ್ನೂರು ವರ್ಷ ಹಿಂದೆ ಮನೆ ಬಾಗಿಲು ಹಾಕಿಕೊಂಡು ಪ್ರಾರ್ಥನೆ ಮಾಡಿ ಸಂಶಯಕ್ಕೆ ಗುರಿಯಾದವರ ಕೈಯಲ್ಲಿ ಈಗ ಇನ್ನೊಬ್ಬರ ಮನೆ ಬಾಗಿಲು ಬಡಿಯುವ ಕಾನೂನು.

ಹಾಗಂತ ಎಲ್ಲ ಕ್ರೈಸ್ತರೂ ಒಂದೇ ದನಿ ಅಲ್ಲ. ಸ್ಪೇನಿನ ಎಲ್ವಿರಾದಲ್ಲಿ ನಾಲ್ಕನೇ ಶತಮಾನದ ಆರಂಭದ ಹೊತ್ತಿಗೆ ಬಿಷಪ್ಪರು ಸಭೆ ಸೇರಿ ಮಾಡಿದ ನಿಯಮಗಳಲ್ಲಿ 60ನೆಯದು ಹೀಗಿದೆ: ಯಾರಾದರೂ ಮೂರ್ತಿಗಳನ್ನು ಒಡೆದು ಅದಕ್ಕಾಗಿ ಅಲ್ಲೇ ಕೊಲ್ಲಲ್ಪಟ್ಟರೆ ಅವರನ್ನು ಹುತಾತ್ಮರ ಪಟ್ಟಿಗೆ ಸೇರಿಸುವಂತಿಲ್ಲ, ಏಕೆಂದರೆ ಸುವಾರ್ತೆಯಲ್ಲಿ ಹಾಗೆ ಹೇಳಿಲ್ಲ, ಅಪೊಸ್ತಲರು ಹಾಗೆ ಮಾಡಿಲ್ಲ. ಒರಿಜೆನ್ ಕೂಡ ಕೆಲ್ಸಸ್‌ಗೆ ಉತ್ತರಿಸುತ್ತಾ, ದೇವರುಗಳನ್ನು ಬಯ್ಯಬಾರದೆಂಬ ಆಜ್ಞೆ ನಮಗಿದೆ, ಮೂರ್ತಿಯ ಮುಂದೆ ನಿಂತು ಬಯ್ಯುವವನು ನಮ್ಮಲ್ಲಿ ತಿಳಿಗೇಡಿ ಎಂದು ಬರೆದಿದ್ದಾನೆ. ನಮ್ಮ ಸೂರಾ ಅಲ್‌ಅನ್‌ಆಮ್‌ನ 108ನೇ ಆಯತ್ ಓದಿದವರಿಗೆ ಇದು ಪರಿಚಿತ ನೆಲ. ಅಲ್ಲಾಹನನ್ನು ಬಿಟ್ಟು ಬೇರೆಯವರು ಕರೆದು ಪ್ರಾರ್ಥಿಸುವವರನ್ನು ನಿಂದಿಸಬೇಡಿ, ಅವರು ತಿಳಿಯದೆ ಹಗೆಯಿಂದ ಅಲ್ಲಾಹನನ್ನು ನಿಂದಿಸಿಯಾರು ಎಂಬುದು ಅದರ ಆಶಯ. ಒಪ್ಪದಿರಲು ತಡೆಯಿಲ್ಲ, ಬಯ್ಗುಳಕ್ಕೆ ತಡೆ.

ಈಗ ಠಾಣೆಗೆ ಬರೋಣ.

1321ರ ಹೊತ್ತಿಗೆ ಠಾಣೆ ದಿಲ್ಲಿಯ ಆಳ್ವಿಕೆಗೆ ಬಂದು ಹೆಚ್ಚು ವರ್ಷ ಆಗಿರಲಿಲ್ಲ. ದಿಲ್ಲಿಯಲ್ಲಿ ಘಿಯಾಸುದ್ದೀನ್ ತುಘಲಕ್, ಇಲ್ಲಿ ಅವನ ಪರವಾಗಿ ಒಬ್ಬ ಮಲಿಕ್, ಜೊತೆಗೆ ಒಬ್ಬ ಖಾಝಿ. ಇಟಲಿಯಿಂದ ಹೊರಟ ಫ್ರಾನ್ಸಿಸ್ಕನ್ ಸನ್ಯಾಸಿಗಳು ಹೊರ್ಮುಜ್‌ನಲ್ಲಿ ಹಡಗು ಹತ್ತಿ ಕೊಲ್ಲಂಗೆ ಹೋಗುವವರಿದ್ದರು, ಬಂದು ಸೇರಿದ್ದು ಠಾಣೆಗೆ. ತೊಲೆಂತಿನೊದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ಮತ್ತು ಭಾಷೆಗಳನ್ನು ಬಲ್ಲ ತಿಫ್ಲಿಸ್‌ನ ದೆಮೆತ್ರಿಯಸ್. ಇವರ ಜೊತೆ ಡೊಮಿನಿಕನ್ ಪಂಥದ ಜೊರ್ದಾನುಸ್. ಠಾಣೆಯಲ್ಲಿ ಆಗ ಹದಿನೈದು ಮನೆ ನೆಸ್ತೋರಿಯನ್ ಕ್ರೈಸ್ತರಿದ್ದರು. ಕಾಸ್ಮಾಸ್ ಹೇಳಿದ ಪರ್ಷಿಯಾದ ಬಿಷಪ್ಪನದೂ ಅದೇ ಪೂರ್ವದ ಚರ್ಚು. ನಮ್ಮ ಫ್ರಾಂಕ್ ಸನ್ಯಾಸಿಗಳ ಲೆಕ್ಕದಲ್ಲಿ ಆ ನೆಸ್ತೋರಿಯನ್ನರೂ ದಾರಿತಪ್ಪಿದವರೇ. ಆದರೂ ಇಳಿದುಕೊಂಡದ್ದು ಅವರ ಮನೆಯಲ್ಲೇ. ಜೊರ್ದಾನುಸ್ ಸೊಪಾರಾ ಕಡೆ, ಭರೂಚ್ ಕಡೆ ಹೊರಟುಹೋದ. ಬದುಕಿ ಉಳಿದ.

ಮುಂದಿನದನ್ನು ನಮಗೆ ವಿವರವಾಗಿ ಹೇಳುವವನು ಒಡೊರಿಕ್ ಎಂಬ ಇನ್ನೊಬ್ಬ ಫ್ರಾನ್ಸಿಸ್ಕನ್. ಘಟನೆಯಾದ ಒಂದೆರಡು ವರ್ಷಕ್ಕೆ ಠಾಣೆಗೆ ಬಂದವನು. ಅವನ ಪ್ರಕಾರ, ಸನ್ಯಾಸಿಗಳು ಇಳಿದುಕೊಂಡಿದ್ದ ಮನೆಯಲ್ಲಿ ಒಂದು ಸಂಜೆ ಗಂಡಹೆಂಡತಿಗೆ ಜಗಳವಾಯಿತು. ಗಂಡ ಹೆಂಡತಿಯನ್ನು ಚೆನ್ನಾಗಿ ಹೊಡೆದ. ಬೆಳಿಗ್ಗೆ ಅವಳು ಸೀದಾ ಖಾಝಿಯ ಹತ್ತಿರ ಹೋಗಿ ದೂರು ಕೊಟ್ಟಳು. ಸಾಕ್ಷಿ ಇದೆಯಾ ಎಂದು ಖಾಝಿ ಕೇಳಿದ. ಇದೆ, ಅವನು ಹೊಡೆಯುವಾಗ ಮನೆಯಲ್ಲಿ ನಾಲ್ವರು ಫ್ರಾಂಕ್ ಗುರುಗಳಿದ್ದರು, ಅವರನ್ನೇ ಕೇಳಿ ಎಂದಳು. ಒಬ್ಬ ಕ್ರೈಸ್ತ ಹೆಂಗಸು ಮುಸ್ಲಿಮ್ ಖಾಝಿಯ ಎದುರು ತನ್ನ ಗಂಡನ ಮೇಲೆ ನ್ಯಾಯ ಕೇಳಲು ಹೆದರಲಿಲ್ಲ, ಇದನ್ನು ಗಮನಿಸಿ. ಅಲ್ಲಿ ಅಲೆಕ್ಸಾಂಡ್ರಿಯಾದವನೊಬ್ಬ ಕೂತಿದ್ದ. ಅವರು ಬಹಳ ಓದಿದವರು, ಕರೆಸಿ, ಧರ್ಮದ ಬಗ್ಗೆ ಬಹಸ್ ಮಾಡಿಸೋಣ ಎಂದ. ಪೆಟ್ಟಿನ ಕೇಸು ಅಲ್ಲಿಗೆ ಮುನಾಝರಾ ಆಗಿಬಿಟ್ಟಿತು.

ಪೀಟರ್ ಸಾಮಾನು ಕಾಯಲು ಮನೆಯಲ್ಲುಳಿದ, ಮಿಕ್ಕವರು ಬಂದರು. ಈಸಾ ಮನುಷ್ಯನೋ ದೇವರೋ ಎಂಬಲ್ಲಿ ವಾದ ಶುರುವಾಯಿತು. ಥಾಮಸ್ ತನ್ನ ಪಕ್ಷ ಹೇಳಿದ. ಆಮೇಲೆ ಖಾಝಿ ಕೇಳಿದ: ಮುಹಮ್ಮದರ (ಸ) ಬಗ್ಗೆ ಏನು ಹೇಳುತ್ತೀಯ? ಸನ್ಯಾಸಿಗಳು ಮೊದಲು ನೇರ ಉತ್ತರ ಕೊಡಲಿಲ್ಲ, ನಾವು ಹೇಳಿದ್ದರಿಂದ ನೀವೇ ತಿಳಿದುಕೊಳ್ಳಿ ಎಂದು ಜಾರಿಕೊಂಡರು. ಮತ್ತೆ ಮತ್ತೆ ಒತ್ತಾಯಿಸಿದರು. ಕೊನೆಗೆ ಥಾಮಸ್ ಬಾಯಿಬಿಟ್ಟು ನಿಂದೆಯ ಮಾತಾಡಿದ. ಆ ಮಾತು ಇಲ್ಲಿ ಬೇಡ.

ಪ್ಲಿನಿಯ ಪರೀಕ್ಷೆ ತಲೆಕೆಳಗಾಗಿ ಬರುತ್ತದೆ ಎಂದೆನಲ್ಲ, ಇದೇ ಅದು. ಅಲ್ಲಿ ಬೈದರೆ ಬಿಡುಗಡೆ, ಇಲ್ಲಿ ಬೈದರೆ ಸಾವು. ಎರಡು ಕಡೆಯೂ ಪ್ರಶ್ನೆ ಕೇಳುವವನಿಗೆ ಉತ್ತರ ಏನು ಬರುತ್ತದೆ ಎಂದು ಗೊತ್ತು. ಗೊತ್ತಿದ್ದೂ ಒತ್ತಿ ಕೇಳುವುದು ವಿಚಾರಣೆ ಅಲ್ಲ, ಬಲೆ ಹಾಕುವುದು. ಥಾಮಸ್‌ನ ಕಡೆಯಿಂದಲೂ ಪೂರ್ತಿ ಮುಗ್ಧತೆ ಇರಲಿಲ್ಲ. ಅವನ ಪಂಥದ ಐವರು ಮೊರೊಕ್ಕೊದಲ್ಲಿ 1220ರಲ್ಲಿ ಹೀಗೇ ಸತ್ತು ಹುತಾತ್ಮರೆನಿಸಿದ್ದರು, ಆ ದಾರಿಗೆ ಆಸೆಪಡುವವರು ಪಂಥದಲ್ಲಿ ಬಹಳ. ಅದೇ ಪಂಥದ ಸ್ಥಾಪಕ ಫ್ರಾನ್ಸಿಸ್ 1219ರಲ್ಲಿ ಈಜಿಪ್ಟಿನ ಸುಲ್ತಾನ್ ಅಲ್‌ಕಾಮಿಲ್‌ನ ಡೇರೆಗೆ ಹೋಗಿ ಮಾತಾಡಿ, ಮರ್ಯಾದೆಯಿಂದ ವಾಪಸ್ಸು ಬಂದಿದ್ದ. ಅದನ್ನೂ ಅವರು ನೆನಪಿಟ್ಟುಕೊಳ್ಳಬಹುದಿತ್ತು.

ಸನ್ಯಾಸಿಗಳನ್ನು ಬಿಸಿಲಲ್ಲಿ ಕಟ್ಟಿದರು, ಜೇಮ್ಸ್‌ನನ್ನು ಬೆಂಕಿಗೆ ಹಾಕಿದರು, ಅವನಿಗ��� ಏನೂ ಆಗಲಿಲ್ಲ ಎನ್ನುತ್ತಾನೆ ಒಡೊರಿಕ್. ಪವಾಡದ ಭಾಗವನ್ನು ಓದುಗರು ತಮಗೆ ಸರಿಕಂಡಂತೆ ಓದಲಿ. ಮಲಿಕ್ ಮೊದಲು ಅವರಿಗೆ ಊರು ಬಿಟ್ಟು ಹೋಗಲು ಹೇಳಿದ. ಅವರು ಖಾರಿ ದಾಟಿ ಒಬ್ಬ ‘ಮೂರ್ತಿಪೂಜಕ’ನ ಮನೆಯಲ್ಲಿ ಇಳಿದುಕೊಂಡರು. ಇದು ನನಗೆ ಬಹಳ ಮುಖ್ಯವಾದ ಸಾಲು. ಸಾವಿರ ವರ್ಷ ಯಾರ ದೇವರನ್ನು ಕಲ್ಲು ಎಂದು ಹೀಯಾಳಿಸಿ ಪುಸ್ತಕ ಬರೆದರೋ ಅಂಥ ಜನರಲ್ಲೊಬ್ಬ ಆ ರಾತ್ರಿ ಬಾಗಿಲು ತೆಗೆದ. ಖಾಝಿ ಮಲಿಕ್‌ನ ಕಿವಿ ಊದಿದ. ಶಸ್ತ್ರ ಹಿಡಿದವರು ರಾತ್ರಿಯೇ ಹೋಗಿ ಮೂವರನ್ನು ಕೊಂದರು. ಅದು ಏಪ್ರಿಲ್ 9. ಪೀಟರ್‌ನನ್ನು 11ರಂದು ಕೊಂದರು.

ಇದನ್ನು ನಾವು ಹೇಗೆ ಓದಬೇಕು? ಖಾಝಿ ಮಾಡಿದ್ದು ಶರೀಅತ್ತಿನ ಕೆಲಸ ಎಂದು ಸುಮ್ಮನೆ ತಲೆಯಾಡಿಸಲು ನನ್ನಿಂದಾಗದು. ಮುಸ್ಲಿಮೇತರ ಪ್ರಜೆ ನಿಂದಿಸಿದರೆ ಏನು ಎಂಬುದರಲ್ಲಿ ಮದ್‌ಹಬ್‌ಗಳಿಗೇ ಒಮ್ಮತವಿರಲಿಲ್ಲ. ಅಷ್ಟಕ್ಕೇ ಅವನ ರಕ್ಷಣೆಯ ಒಪ್ಪಂದ ಮುರಿಯುವುದಿಲ್ಲ ಎಂಬುದು ಇಮಾಮ್ ಅಬೂ ಹನೀಫಾರ ಪಕ್ಷ. ಹೋಗಿ ಎಂದು ಬಿಟ್ಟವರನ್ನು ರಾತ್ರಿ ಹಿಂಬಾಲಿಸಿ ಕೊಲ್ಲಿಸುವುದಕ್ಕಂತೂ ಯಾವ ಕಿತಾಬಿನಲ್ಲೂ ಅಧ್ಯಾಯವಿಲ್ಲ. ದಿಲ್ಲಿಗೂ ಅದು ಸರಿಕಾಣಲಿಲ್ಲವಂತೆ. ಸುದ್ದಿ ತಿಳಿದ ಬಾದಶಹ ಮಲಿಕ್‌ನನ್ನು ಕಟ್ಟಿ ತರಿಸಿ, ಯಾಕೆ ಕೊಂದೆ ಎಂದು ಕೇಳಿ, ಅವನಿಗೂ ಅವನ ಮನೆಯವರಿಗೂ ಮರಣದಂಡನೆ ಕೊಟ್ಟ, ಖಾಝಿ ಊರು ಬಿಟ್ಟು ಓಡಿದ ಎಂದು ಒಡೊರಿಕ್ ಬರೆದಿದ್ದಾನೆ. ಅದಕ್ಕೂ ಮೊದಲು ಮಲಿಕ್ ಕನಸಿನಲ್ಲಿ ಸನ್ಯಾಸಿಗಳನ್ನು ಕಂಡು ಬೆದರಿ, ಅವರ ಹೆಸರಿನಲ್ಲಿ ನಾಲ್ಕು ಮಸೀದಿ ಕಟ್ಟಿಸಿದ ಎಂದೂ ಹೇಳುತ್ತಾನೆ. ಕ್ರೈಸ್ತ ಸನ್ಯಾಸಿಗಳ ನೆನಪಿಗೆ ಮಸೀದಿ! ನಡೆದಿರಲಿ ಬಿಡಲಿ, ಆ ಕಾಲದ ಠಾಣೆಯಲ್ಲಿ ಇಂಥ ಕಥೆ ಹೇಳಿದರೆ ಜನ ನಂಬುತ್ತಿದ್ದರು ಎಂಬುದೇ ಒಂದು ಸಂಗತಿ. ಕೆಲ್ಸಸ್‌ನದು ಹೇಗೋ ಈ ಖಾಝಿಯದೂ ಹಾಗೇ, ಅವನ ಮಾತು ನಮಗೆ ಬಂದಿರುವುದು ಎದುರು ಪಕ್ಷದ ಪುಸ್ತಕದಲ್ಲಿ ಮಾತ್ರ.

ಈ ತೀರದ ಹಳೆಯ ರೂಢಿ ಹೀಗಿರಲಿಲ್ಲ. ಇನ್ನೂ ನಾನೂರು ವರ್ಷ ಹಿಂದೆ, ನಮ್ಮ ಮಾನ್ಯಖೇಟದ ರಾಷ್ಟ್ರಕೂಟರು ಆಳುವಾಗ, ಸಂಜಾಣದ ಅಧಿಕಾರಿಯಾಗಿದ್ದವನು ಮಧುಮತಿ ಎಂಬ ತಾಜಿಕ, ಅಂದರೆ ಅರಬ. ಮಧುಮತಿ ಎಂಬುದು ಮುಹಮ್ಮದ್ ಎಂಬ ಹೆಸರಿನ ಸಂಸ್ಕೃತ ರೂಪ. ಹಿಂದೆ ಠಾಣೆ ಜಿಲ್ಲೆಯಲ್ಲಿದ್ದು ಈಗ ಪಾಲ್ಘರ್ ಜಿಲ್ಲೆಗೆ ಸೇರಿದ ಚಿಂಚಣಿಯಲ್ಲಿ ಸಿಕ್ಕ 926ರ ತಾಮ್ರಶಾಸನದ ಪ್ರಕಾರ, ಅವನ ಕಾಲದಲ್ಲಿ ದೇವಿಯ ಮಠವೊಂದಕ್ಕೆ ಭೂಮಿದಾನ ನಡೆಯಿತು. ಅದು ಅವನ ಅನುಮತಿಯಿಂದಲೇ. ಅವನು ತನ್ನ ನಂಬಿಕೆ ಬಿಟ್ಟಿದ್ದನೆಂದು ಶಾಸನ ಹೇಳುವುದಿಲ್ಲ. ಸುಮಾರು ಅದೇ ದಿನಗಳಲ್ಲಿ, 916ರ ಆಸುಪಾಸಿನಲ್ಲಿ, ಚೌಲ್‌ಗೆ ಬಂದ ಅಲ್‌ಮಸ್‌ಊದಿ ಬಲ್ಹರಾ ರಾಜನ ನಾಡಿನಲ್ಲಿ ಮುಸ್ಲಿಮರಿಗೆ ಎಷ್ಟು ಗೌರವವಿದೆ ಎಂದು ಹೊಗಳುತ್ತಾನೆ. ಆ ಬಲ್ಹರಾ ಅಂದರೆ ನಮ್ಮ ರಾಷ್ಟ್ರಕೂಟ ವಲ್ಲಭನೇ.

ಜೊರ್ದಾನುಸ್ ಹೋದ ಸೊಪಾರಾದಲ್ಲಿ ಅಶೋಕನ ಶಾಸನದ ತುಂಡೊಂದು 1882ರಲ್ಲಿ ಸಿಕ್ಕಿತು. ತನ್ನ ಪಂಥವನ್ನು ಹೊಗಳಿಕೊಳ್ಳಲು ಇನ್ನೊಬ್ಬರ ಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡಿಕೊಳ್ಳುತ್ತಾನೆ ಎನ್ನುವ ಅಶೋಕನ 12ನೇ ಶಾಸನ ಮಾತ್ರ ಅಲ್ಲಿ ಸಿಕ್ಕಿಲ್ಲ. ಅದು ಸಿಕ್ಕಿದ್ದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, 1986ರಲ್ಲಿ, ಕಾಳಿ ಗುಡಿಯ ಚಾವಣಿ ಕುಸಿದಾಗ. ಮೂರ್ತಿಯ ಪೀಠವಾಗಿದ್ದ ಕಲ್ಲೇ ಆ ಶಾಸನ.

ಒಡೊರಿಕ್ ನಾಲ್ವರ ಎಲುಬುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹಡಗಿನಲ್ಲಿ ಚೀನಾದ ಝೈತೂನ್ ಬಂದರಿನವರೆಗೆ ಒಯ್ದ. ಜೊರ್ದಾನುಸ್ 1329ರಲ್ಲಿ ಕೊಲ್ಲಂನ ಬಿಷಪ್ ಆಗಿ ನೇಮಕವಾದ. ಥಾಮಸ್‌ಗೆ 1894ರಲ್ಲಿ ಪೋಪ್ ‘ಪುನೀತ’ ಪದವಿ ಕೊಟ್ಟರು. ಮಲಿಕ್‌ನ ಸಾವು, ಖಾಝಿಯ ಓಟ, ಎಲ್ಲದಕ್ಕೂ ಒಡೊರಿಕ್‌ನ ಪುಸ್ತಕದಲ್ಲಿ ಜಾಗ ಸಿಕ್ಕಿದೆ. ಬೆಳಿಗ್ಗೆ ಎದ್ದು ಮೈಮೇಲಿನ ಪೆಟ್ಟಿಗೆ ನ್ಯಾಯ ಕೇಳಲು ಹೋದ ಆ ಹೆಂಗಸಿನ ದೂರಿಗೆ ಏನು ತೀರ್ಪಾಯಿತು ಎಂದು ಮಾತ್ರ ಅವನು ಬರೆಯಲಿಲ್ಲ. ಅವಳ ಹೆಸರನ್ನೂ ಬರೆಯಲಿಲ್ಲ.